ಎಂಜಿನ್ನಿನ ಫ್ಯಾನ್ ತಗಡು ಮುಚ್ಚಳವಲ್ಲ, ಗಾಳಿಯ ಕಾಲುವೆ

2023ರ ಮುಂಗಾರು ನೆನಪಿರಬೇಕಲ್ಲ? ಜುಲೈಯಲ್ಲಿ ಹೊಯ್ದ ಮಳೆ ಆಗಸ್ಟ್‌ನಲ್ಲಿ ಮುಖ ತೋರಿಸಲಿಲ್ಲ. 1901ರಿಂದ ಈಚೆಗೆ ದೇಶದಲ್ಲಿ ಇಷ್ಟು ಒಣ ಆಗಸ್ಟ್ ಬಂದಿರಲಿಲ್ಲ ಅಂತ ಹವಾಮಾನ ಇಲಾಖೆಯವರು ಹೇಳಿದರು. ಕಡೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಆಯ್ತು.

ಸಂಡೂರು ತಾಲ್ಲೂಕಿನ ನಮ್ಮ ಚೋರನೂರು ಕಡೆ ಮಳೆ ನಂಬಿದ ಹೊಲಗಳೇ ಹೆಚ್ಚು. ನನ್ನ ಎರಡು ಎಕರೆ ಮೆಕ್ಕೆಜೋಳ ಆಗ ಸೂಲಂಗಿ ಒಡೆದು ತೆನೆಗೆ ಕೂದಲು ಬರುವ ಹಂತದಲ್ಲಿತ್ತು. ಆ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಕಟ್ಟೋದಿಲ್ಲ, ಇದು ಬೆಳೆದವರಿಗೆಲ್ಲ ಗೊತ್ತು. ಜುಲೈ ಮಳೆಗೆ ಕೃಷಿ ಹೊಂಡದಲ್ಲಿ ನೀರು ನಿಂತಿತ್ತು. ಎತ್ತಲಿಕ್ಕೆ ಪಂಪ್ ಇತ್ತು. ಪಂಪಿಗೆ ಹಳೇ ಟಂಟಂ ಗಾಡಿಯ ಡೀಸೆಲ್ ಎಂಜಿನ್ ಜೋಡಿಸಿದ್ದೆ. ಒಂದು ಎಕರೆ ಕುಡಿಸಿ ಮುಗಿದಿತ್ತು. ಎರಡನೇ ಎಕರೆಗೆ ಮೊದಲ ಸಾಲು ನೀರು ಹಾಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಕಟಕಟ ಸದ್ದಾಯ್ತು, ಎಂಜಿನ್ ಗಕ್ಕನೆ ನಿಂತಿತು. ಕೈಯಲ್ಲಿ ತಿರುಗಿಸಿದರೆ ಅಲ್ಲಾಡಲಿಲ್ಲ. ಪಿಸ್ಟನ್ ಸೀಜ್ ಆಗಿತ್ತು.

ಬಿಚ್ಚಿ, ಬೋರ್ ಹೊಡೆಸಿ, ಪಿಸ್ಟನ್ ರಿಂಗ್ ಹಾಕಿ ತರೋದಕ್ಕೆ ಒಂಬತ್ತು ದಿನ ಹಿಡಿಯಿತು. ಹನ್ನೊಂದು ಸಾವಿರ ರೂಪಾಯಿ ಹೋಯ್ತು. ಅಷ್ಟರಲ್ಲಿ ತೆನೆಯ ಕೂದಲು ಒಣಗಿತ್ತು. ನೀರು ಕುಡಿದ ಎಕರೆಗೆ 13 ಕ್ವಿಂಟಲ್ ಬಂತು, ಕುಡಿಯದ ಎಕರೆಗೆ ನಾಲ್ಕು ಕ್ವಿಂಟಲ್ ಕೂಡ ಬರಲಿಲ್ಲ. ನಡುವೆ ಬದು ಕೂಡ ಇಲ್ಲದ ಒಂದೇ ಹೊಲ.

ಇಷ್ಟಕ್ಕೆಲ್ಲ ಕಾರಣ ಒಂದು ತಗಡು. ಎಂಜಿನ್ನಿನ ಫ್ಯಾನ್ ಮೇಲೆ ಇರುವ ತಗಡಿನ ಕವರ್. ಅದನ್ನು ನಾನೇ ಬಿಚ್ಚಿ ಒಗೆದಿದ್ದೆ. ಹಳೇ ಟಂಟಂ ಎಂಜಿನ್ನನ್ನು ಪಂಪಿಗೆ, ರಾಶಿ ಮಾಡುವ ಯಂತ್ರಕ್ಕೆ, ಔಷಧಿ ಹೊಡೆಯುವುದಕ್ಕೆ ಜೋಡಿಸಿಕೊಂಡ ಸಣ್ಣ ರೈತರು ನಮ್ಮ ಸುತ್ತ ಇನ್ನೂ ಇದ್ದಾರೆ. ನನ್ನ ತಪ್ಪು ಅವರಿಗೆ ಆಗಬಾರದು ಅಂತ ಬರೆದಿದ್ದೇನೆ.

ತಗಡು ಯಾಕೆ ಬಿಚ್ಚಿದೆ?

ಎಂಜಿನ್ ತಂದದ್ದು ಗುಜರಿಯಿಂದ. ಕವರ್ ಒಂದು ಕಡೆ ನೆಗ್ಗಿತ್ತು, ಬೋಲ್ಟ್ ಹೋಗಿ ಗಡಗಡ ಅನ್ನುತ್ತಿತ್ತು. ಜೋಡಿಸಿ ಕೊಟ್ಟವನು, "ಕಾಕಾ, ಆ ತಗಡು ಬಿಚ್ಚಿ ಒಗೀರಿ. ಎಂಜಿನ್ ಮೈಗೆ ಗಾಳಿ ಆಡ್ಲಿ. ಮುಚ್ಚಿಟ್ರ ಒಳಗ ಕುದ್ದು ಹೋಗ್ತೈತಿ" ಅಂದ. ಮಾತು ಸರಿ ಅನ್ನಿಸಿತು. ಬ್ಯಾಸಿಗ್ಯಾಗ ನಾವೂ ಅಂಗಿ ಬಿಚ್ಚಿ ಕೂರ್ತೀವಲ್ಲ, ಎಂಜಿನ್ನಿಗೂ ಹಂಗೇ ಅಂದುಕೊಂಡೆ. ಅಲ್ಲೇ ತಪ್ಪಿದ್ದು.

ಸೀಜ್ ಆದ ಮೇಲೆ ನಮ್ಮ ತಮ್ಮನ ಮಗ ಬಂದು ನೋಡಿದ. ಅವನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು ಹೊಸಪೇಟೆಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. "ದೊಡ್ಡಪ್ಪ, ಅವ್ವ ಒಲಿ ಹೆಂಗ ಊದ್ತಾಳ ನೋಡೀಯಿಲ್ಲ? ಬರೇ ಬಾಯಲ್ಲಿ ಊದಿದ್ರ ಬೂದಿ ಹಾರ್ತೈತಿ, ಊದುಗೊಳವಿ ಹಿಡಿದ್ರ ಬೆಂಕಿ ಹತ್ತತೈತಿ. ಬಾಯಿ ಅದೇ, ಗಾಳೀನೂ ಅದೇ. ನೀವು ಎಂಜಿನ್ನಿನ ಊದುಗೊಳವಿ ಕಿತ್ತು ಒಗದೀರಿ" ಅಂದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಯಾವ ಎಂಜಿನ್ನಿಗೆ ಈ ಮಾತು?

ನಮ್ಮ ಹೊಲಗಳಲ್ಲಿ ಮೂರು ಥರದ ಎಂಜಿನ್ ಸಿಗುತ್ತವೆ.

ಒಂದು, ನೀರಿನಿಂದ ತಂಪಾಗುವವು. ಅಪ್ಪನ ಕಾಲದ ಕುಟುಕುಟು ಎಂಜಿನ್, ಟ್ರಾಕ್ಟರು, ಪವರ್ ಟಿಲ್ಲರು ಇವೆಲ್ಲ ಈ ಜಾತಿ. ಹೊಸ ಟಂಟಂಗಳಲ್ಲೂ ರೇಡಿಯೇಟರ್ ಇರುವ ಎಂಜಿನ್ ಬಂದಿವೆ. ಅವುಗಳ ಲೆಕ್ಕ ಬೇರೆ.

ಎರಡು, ಓಡುವಾಗಿನ ಗಾಳಿಯಿಂದಲೇ ತಂಪಾಗುವವು. ಬುಲೆಟ್ ಬೈಕು, ಟಿವಿಎಸ್ ಮೊಪೆಡ್ಡು. ಇವಕ್ಕೆ ಫ್ಯಾನ್ ಇಲ್ಲ. ಗಾಡಿ ಓಡಿದರೆ ಗಾಳಿ ಬಡಿಯುತ್ತದೆ, ನಿಂತರೆ ಇಲ್ಲ. ಇಂಥ ಎಂಜಿನ್ನನ್ನು ಒಂದೇ ಕಡೆ ಕೂರಿಸಿ ಗಂಟೆಗಟ್ಟಲೆ ಓಡಿಸಿದರೆ ಕಾಯುತ್ತದೆ.

ಮೂರು, ತಮ್ಮದೇ ಫ್ಯಾನ್ ಇರುವವು. ಹಳೇ ಬಜಾಜ್ ಚೇತಕ್ ಸ್ಕೂಟರ್ ನೆನಪು ಮಾಡಿಕೊಳ್ಳಿ. ಅದರ ಎಂಜಿನ್ ಡಬ್ಬಿಯೊಳಗೆ ಅಡಗಿತ್ತು, ಗಾಳಿ ತಾಗುತ್ತಿರಲಿಲ್ಲ. ಆದರೂ ಕಾದು ನಿಲ್ಲುತ್ತಿರಲಿಲ್ಲ. ಯಾಕೆಂದರೆ ಮ್ಯಾಗ್ನೆಟ್ ಚಕ್ರದ ಮೇಲೆಯೇ ಫ್ಯಾನಿನ ರೆಕ್ಕೆ ಇದ್ದವು, ಆ ಗಾಳಿಯನ್ನು ಸಿಲಿಂಡರಿನ ತನಕ ಒಯ್ಯಲು ಕವರ್ ಇತ್ತು. ಹಳೇ ಟಂಟಂನ ಒಂಟಿ ಸಿಲಿಂಡರ್ ಡೀಸೆಲ್ ಎಂಜಿನ್ನೂ ಇದೇ ಕಟ್ಟಿನದು. ಕೈಯಲ್ಲಿ ಹಿಡಿದು ಕಳೆ ಕತ್ತರಿಸುವ ಯಂತ್ರ, ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಪೆಟ್ರೋಲ್ ಪಂಪು ಕೂಡ ಇದೇ. ಹಗ್ಗ ಸುತ್ತುವ ಆ ಗುಂಡನೆ ಮುಚ್ಚಳದೊಳಗೆ ಫ್ಯಾನ್ ಇರುತ್ತದೆ.

ಈ ಲೇಖನ ಮೂರನೇ ಜಾತಿಯದ್ದು. ಗಾಡಿಯಿಂದ ಇಳಿಸಿ ಬೇರೆ ಕೆಲಸಕ್ಕೆ ಹಚ್ಚುವಾಗ ಇವುಗಳ ಕವರ್ ಕಳೆದುಹೋಗುತ್ತದೆ, ಇಲ್ಲ ಕೊರೆದು ಹಾಳು ಮಾಡುತ್ತೇವೆ. ಆಮೇಲೆ ಯಾವುದೋ ಒಂದನ್ನು ಹುಡುಕಿ ಹಾಕಬೇಕಾಗುತ್ತದೆ.

ಕವರ್ ಮಾಡುವ ಕೆಲಸ

ನನ್ನ ಎಂಜಿನ್ ಲೋಡಿನಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಆ ಡೀಸೆಲ್ಲಿನ ಶಾಖವೆಲ್ಲ ನೀರೆತ್ತಲು ಹೋಗುವುದಿಲ್ಲ. ದೊಡ್ಡ ಪಾಲು ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ. ಹೆಚ್ಚುಕಡಿಮೆ ಕಾಲು ಪಾಲು ಸಿಲಿಂಡರು, ಹೆಡ್ಡುಗಳ ಮೈಗೆ ಬರುತ್ತದೆ. ಹುಡುಗ ಲೆಕ್ಕ ಹಾಕಿ ಹೇಳಿದ: ಆ ಕಾಲು ಪಾಲು ಅಂದರೆ ಸುಮಾರು ಎರಡೂವರೆ ಸಾವಿರ ವ್ಯಾಟ್. ಸ್ನಾನಕ್ಕೆ ನೀರು ಕಾಯಿಸುವ ಕಾಯಿಲ್ ಇರುತ್ತದಲ್ಲ, ಅಂಥವು ಎರಡನ್ನು ಸಿಲಿಂಡರಿಗೆ ಸುತ್ತಿ ಬಿಟ್ಟ ಹಾಗೆ.

ಈ ಶಾಖ ಒಯ್ಯಲಿಕ್ಕೆ ಗಾಳಿ ಎಷ್ಟು ಬೇಕು? ಗಾಳಿ ಫಿನ್‌ಗಳ ನಡುವೆ ಹಾದು 50 ಡಿಗ್ರಿ ಬಿಸಿಯಾಗಿ ಹೊರಬಿದ್ದರೆ, ಸೆಕೆಂಡಿಗೆ 45 ಲೀಟರ್ ಗಾಳಿ ಬೇಕು. 15 ಲೀಟರಿನ ಕೊಡ ಅಂತ ಹಿಡಿದರೆ ಮೂರು ಕೊಡ. ಒಂದು ಅನ್ನುವಷ್ಟರಲ್ಲಿ ಮೂರು ಕೊಡ ಗಾಳಿ ಸಿಲಿಂಡರಿನ ಸಂದಿಗಳಲ್ಲಿ ಹಾಯಬೇಕು. ಬರೇ ಸುತ್ತಮುತ್ತ ಆಡಿದರೆ ಸಾಲದು, ಸಂದಿಯೊಳಗೆ ಹೊಕ್ಕು ಹೊರಬರಬೇಕು.

ನೀರು ಹಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಂಡದ ಕೋಡಿ ಒಡೆದು ನೀರು ಬಿಟ್ಟರೆ ಇಳುಕಲಿಗೆ ಹರಿದು ಹಳ್ಳ ಸೇರುತ್ತದೆ, ಮಡಿಗೆ ಹೋಗೋದಿಲ್ಲ. ಕಾಲುವೆ ಎಬ್ಬಿಸಿ, ಬದು ಕಟ್ಟಿ, ಸಾಲಿಗೆ ತಿರುವಿದರೆ ಅದೇ ನೀರು ಕೊನೆಯ ಗಿಡಕ್ಕೂ ಮುಟ್ಟುತ್ತದೆ. ಗಾಳಿಯೂ ಹಾಗೇ ಸಲೀಸಾದ ದಾರಿ ಹುಡುಕುತ್ತದೆ. ಫಿನ್ ಸಂದಿ ಇಕ್ಕಟ್ಟು, ಹೊರಗೆ ಬಯಲು. ಕವರ್ ಇಲ್ಲದಿದ್ದರೆ ಫ್ಯಾನ್ ಎಸೆದ ಗಾಳಿ ನಾಲ್ಕೂ ಕಡೆ ಬಯಲಿಗೆ ಹೋಗುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಮುಖ ಒಡ್ಡಿದರೆ ನಮಗೆ ತಂಪೂ ಆಗುತ್ತದೆ. ಎಂಜಿನ್ ಮಾತ್ರ ಬೇಯುತ್ತದೆ.

ಬೇರೆ ಕವರ್ ಹಾಕಿದರೂ ಕಾಯಿತು

ರಿಪೇರಿ ಆದ ಮೇಲೆ ಬುದ್ಧಿ ಬಂತು. ಗುಜರಿಗೆ ಹೋಗಿ ಅದೇ ಗಾತ್ರದ ಒಂದು ಕವರ್ ತಂದೆ. ಬೋಲ್ಟ್ ತೂತು ಎರಡು ಕೂಡಿದವು, ಎರಡು ಹೊಸದಾಗಿ ಕೊರೆದೆ. ಎಂಜಿನ್ ಮತ್ತೆ ಕಾಯಿತು! ಈ ಸಲ ವಾಸನೆ ಬಂದ ಕೂಡಲೇ ನಿಲ್ಲಿಸಿದ್ದರಿಂದ ಉಳಿಯಿತು.

ಹುಡುಗ ಬಂದು ನೋಡಿ ನಕ್ಕ. ಈ ಫ್ಯಾನ್ ಕವರ್ ಬಸವನಹುಳದ ಚಿಪ್ಪಿನ ಆಕಾರದ್ದು. ಫ್ಯಾನಿನ ನಡುವಿನಿಂದ ಗಾಳಿ ಒಳಗೆ ಬರುತ್ತದೆ, ರೆಕ್ಕೆ ಅದನ್ನು ಅಂಚಿಗೆ ಎಸೆಯುತ್ತದೆ. ಚಿಪ್ಪು ಒಂದು ತುದಿಯಲ್ಲಿ ಫ್ಯಾನಿಗೆ ಅಂಟಿಕೊಂಡ ಹಾಗಿದ್ದು, ಫ್ಯಾನ್ ತಿರುಗುವ ದಿಕ್ಕಿನಲ್ಲೇ ಅಗಲ ಆಗುತ್ತಾ ಹೋಗಿ ಸಿಲಿಂಡರಿನ ಕಡೆ ಬಾಯಿ ತೆರೆಯುತ್ತದೆ. ನಾನು ತಂದ ಕವರ್ ಎಡಕ್ಕೆ ತಿರುಗುವ ಎಂಜಿನ್ನಿನದು, ನನ್ನ ಎಂಜಿನ್ ಬಲಕ್ಕೆ ತಿರುಗುತ್ತದೆ. ಅಗಲದಿಂದ ಇಕ್ಕಟ್ಟಿಗೆ ಗಾಳಿ ನೂಕಿದ ಹಾಗಾಯ್ತು. ಹೊರಗಿಂದ ನೋಡಿದರೆ ಎರಡೂ ಕವರ್ ಒಂದೇ ಥರ ಕಾಣುತ್ತವೆ. ಅದಕ್ಕೇ ಗಾತ್ರ ಕೂಡಿತು, ಬೋಲ್ಟ್ ಕೂಡಿತು ಅಂತ ತರಬಾರದು.

ಆರಿಸುವಾಗ ನೋಡಬೇಕಾದದ್ದು

ನಮ್ಮ ಮುಂದೆ ಮೂರು ದಾರಿ ಇರುತ್ತವೆ. ಅದೇ ಎಂಜಿನ್ನಿನ ಅಸಲಿ ಕವರ್ ಹುಡುಕೋದು, ಬೇರೆ ಎಂಜಿನ್ನಿನದನ್ನು ಹೊಂದಿಸೋದು, ಊರಲ್ಲೇ ತಗಡಿನಲ್ಲಿ ಮಾಡಿಸೋದು. ಅಸಲಿ ಸಿಕ್ಕರೆ ನೆಗ್ಗಿದ್ದರೂ ಅದೇ ಒಳ್ಳೇದು, ಬಡಿದು ಸರಿ ಮಾಡಿಸಿಕೊಳ್ಳಿ. ಸಿಗದಿದ್ದರೆ ಈ ಏಳು ವಿಷಯ ನೋಡಿ.

1. ತಿರುಗುವ ದಿಕ್ಕು. ಫ್ಲೈವೀಲ್ ಕಡೆ ನಿಂತು ಎಂಜಿನ್ ಯಾವ ಕಡೆ ತಿರುಗುತ್ತದೆ ನೋಡಿ, ಸೀಮೆಸುಣ್ಣದಲ್ಲಿ ಬಾಣ ಬರೆದುಕೊಳ್ಳಿ. ಚಿಪ್ಪು ಆ ಬಾಣದ ಕಡೆಗೇ ಅಗಲ ಆಗುತ್ತಾ ಹೋಗಬೇಕು.

2. ಗಾಳಿ ಒಳಗೆ ಬರುವ ಬಾಯಿ. ಕವರಿನ ನಡುವಿನ ಗುಂಡನೆ ತೂತು, ಫ್ಯಾನ್ ರೆಕ್ಕೆಗಳ ಒಳಸುತ್ತಿನ ಅಳತೆಗೆ ಹೊಂದಬೇಕು. ಸಣ್ಣದಾದರೆ ಉಸಿರು ಕಟ್ಟುತ್ತದೆ. ದೊಡ್ಡದಾದರೆ ರೆಕ್ಕೆ ಎಸೆದ ಗಾಳಿ ಅದೇ ಬಾಯಿಂದ ವಾಪಸ್ ಉಗುಳುತ್ತದೆ. "ದೊಡ್ಡ ತೂತು ಹೊಡೆದರೆ ಹೆಚ್ಚು ಗಾಳಿ" ಅನ್ನೋದು ಸುಳ್ಳು.

3. ರೆಕ್ಕೆಗೂ ಕವರಿಗೂ ನಡುವಿನ ಸಂದಿ. ನಾನು ನಾಲ್ಕು ಮಿಲಿಮೀಟರ್ ಇಟ್ಟುಕೊಂಡಿದ್ದೇನೆ, ಅಂದರೆ ಎರಡು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಹೋಗುವಷ್ಟು. ಹೆಚ್ಚು ಬಿಟ್ಟರೆ ಗಾಳಿ ಸೋರುತ್ತದೆ. ತೀರ ಕಡಿಮೆ ಬಿಟ್ಟರೆ ಎಂಜಿನ್ ಅದುರುವಾಗ ರೆಕ್ಕೆ ತಾಗಿ ಮುರಿಯುತ್ತದೆ. ಕವರ್ ಕೂರಿಸಿದ ಮೇಲೆ ಚಾಲೂ ಮಾಡುವ ಮುಂಚೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ಎಲ್ಲೂ ತಾಗುವ ಸದ್ದು ಬರಬಾರದು.

4. ಕತ್ತು ಕಿರಿದಾಗಬಾರದು. ಫ್ಯಾನಿನಿಂದ ಸಿಲಿಂಡರಿಗೆ ಹೋಗುವ ದಾರಿಯಲ್ಲಿ ಮೂಲೆ ಮುರಿದ ಹಾಗೆ ತಿರುವು ಬೇಡ. ಕಾಲುವೆಯ ತಿರುವಿನ ಹಾಗೆ ದುಂಡಗೆ ಇರಲಿ. ಡೀಸೆಲ್ ಪೈಪು, ವೈರು ಇವನ್ನೆಲ್ಲ ಆ ದಾರಿಯೊಳಗೆ ತೂರಿಸಬೇಡಿ.

5. ಹೆಡ್ಡಿಗೆ ಪಾಲು. ಎಂಜಿನ್ನಿನಲ್ಲಿ ಹೆಚ್ಚು ಬಿಸಿ ಆಗೋದು ಹೆಡ್ಡು. ಅದರಲ್ಲೂ ಹೊಗೆ ಹೋಗುವ ವಾಲ್ವಿನ ಕಡೆ. ಬೇರೆ ಎಂಜಿನ್ನಿನ ಕವರ್ ಹಾಕಿದಾಗ ಎತ್ತರ ಸಾಲದೆ ಹೆಡ್ಡು ಹೊರಗೆ ಉಳಿಯುತ್ತದೆ, ಗಾಳಿ ಬರೇ ಕೆಳಗಿನ ಸಿಲಿಂಡರಿಗೆ ಬೀಳುತ್ತದೆ. ಕೆಳಗೆ ತಂಪು, ಮೇಲೆ ಕೆಂಡ. ಕವರಿನ ಬಾಯಿ ಹೆಡ್ಡಿನ ಮೇಲಿನ ಫಿನ್ ತನಕ ಮುಟ್ಟಬೇಕು.

6. ಹಿಂದಿನ ತಗಡು. ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯೋದಿಲ್ಲ. ಗಾಳಿ ಸಿಲಿಂಡರಿನ ಮುಂದೆ ಬಡಿದು ಎರಡೂ ಪಕ್ಕಕ್ಕೆ ಸೀಳಿ ಹೋಗಿಬಿಡುತ್ತದೆ. ಹೊಳೆಯಲ್ಲಿ ನಿಂತ ಬಂಡೆಯ ಹಿಂದೆ ನೀರು ಸುಮ್ಮನೆ ನಿಂತಿರುತ್ತದಲ್ಲ, ಹಾಗೆ ಸಿಲಿಂಡರಿನ ಹಿಂಬದಿಗೆ ಹೊಸ ಗಾಳಿ ತಾಗೋದೇ ಇಲ್ಲ. ಮುಂದೆ ತಂಪು, ಹಿಂದೆ ಬಿಸಿ ಆದರೆ ಸಿಲಿಂಡರ್ ಸೊಟ್ಟಾಗಿ ಹಿಗ್ಗುತ್ತದೆ, ಪಿಸ್ಟನ್ ಒಂದು ಕಡೆ ಉಜ್ಜುತ್ತದೆ. ಅದಕ್ಕೆ ಎರಡೂ ಪಕ್ಕದಿಂದ ಫಿನ್‌ಗಳಿಗೆ ತಾಗಿದ ಹಾಗೆ ಸುತ್ತಿಕೊಂಡು ಹಿಂದಿನ ತನಕ ಹೋಗುವ ಎರಡು ತಗಡು ಇರುತ್ತವೆ. ಅವು ಗಾಳಿಯನ್ನು ಹಿಂಬದಿಗೆ ಕರೆದುಕೊಂಡು ಹೋಗಿ ನಡುವಿನ ಸೀಳಿನಿಂದ ಹೊರಗೆ ಬಿಡುತ್ತವೆ. ಗುಜರಿ ಎಂಜಿನ್ನಿನಲ್ಲಿ ಮೊದಲು ಕಳೆದುಹೋಗೋದು ಇವೇ. ನನ್ನದರಲ್ಲೂ ಇರಲಿಲ್ಲ. ಹೊಸದಾಗಿ ಮಾಡಿಸಿ, ಹಿಂದೆ ಸಿಲಿಂಡರಿನ ಅಗಲದ ಮೂರನೇ ಒಂದು ಪಾಲಿನಷ್ಟು ಸೀಳು ಬಿಟ್ಟೆ.

7. ಹೊರಗೆ ಹೋಗುವ ದಾರಿ. ಒಳಗೆ ಬಂದ ಗಾಳಿ ಅಷ್ಟೂ ಹೊರಗೆ ಹೋಗಬೇಕು, ಹೋದದ್ದು ತಿರುಗಿ ಫ್ಯಾನಿನ ಬಾಯಿಗೆ ಬರಬಾರದು. ಎಂಜಿನ್ನನ್ನು ಗೋಡೆಗೆ ಒತ್ತಿ ಕೂರಿಸಬೇಡಿ. ಮುಂಗಾರಿನಲ್ಲಿ ನಮ್ಮಲ್ಲಿ ಪಡುವಣ ಗಾಳಿ ಜೋರು. ಹಾಗಾಗಿ ಫ್ಯಾನಿನ ಬಾಯಿ ಪಡುವಣಕ್ಕೆ, ಬಿಸಿ ಗಾಳಿ ಮೂಡಣಕ್ಕೆ ಹೋಗುವ ಹಾಗೆ ಕೂರಿಸಿಕೊಂಡಿದ್ದೇನೆ. ಸೈಲೆನ್ಸರಿನ ಬಾಯಿಯೂ ಮೂಡಣಕ್ಕೇ. ಗುಡಿಸಲೊಳಗೆ ಇಡಬೇಡಿ. ಬಿಸಿ ಗಾಳಿ ಅಲ್ಲೇ ಸುತ್ತುತ್ತದೆ, ಹೊಗೆಯಿಂದ ಮನುಷ್ಯರ ಜೀವಕ್ಕೂ ಅಪಾಯ.

ಜರ್ಮನಿ ಕಾರಿನವರದ್ದೂ ಇದೇ ಪಾಡು

ಇದು ನಮ್ಮ ಗುಜರಿ ಎಂಜಿನ್ನಿನ ತಾಪತ್ರಯ ಅಷ್ಟೇ ಅಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಅಂತ ಜೀರುಂಡೆ ಆಕಾರದ ಒಂದು ಕಾರು ಇತ್ತು. ಜರ್ಮನಿಯಲ್ಲಿ ಹುಟ್ಟಿದ್ದು, ಕೊನೆಯದು 2003ರಲ್ಲಿ ಮೆಕ್ಸಿಕೋ ದೇಶದಲ್ಲಿ ತಯಾರಾಯ್ತು. ಒಟ್ಟು ಎರಡು ಕೋಟಿಗೂ ಹೆಚ್ಚು ಮಾಡಿದರು. ಅದಕ್ಕೆ ರೇಡಿಯೇಟರೇ ಇರಲಿಲ್ಲ. ಹಿಂದುಗಡೆ ನಾಲ್ಕು ಸಿಲಿಂಡರಿನ ಎಂಜಿನ್, ಡೈನಮೋದ ಶಾಫ್ಟಿಗೇ ಫ್ಯಾನು, ಅದರ ಮೇಲೆ ದೊಡ್ಡ ತಗಡಿನ ಕವರು. ಆ ಕವರೇ ನಾಲ್ಕೂ ಸಿಲಿಂಡರಿಗೆ ಗಾಳಿ ಹಂಚುತ್ತಿತ್ತು.

ಮೊದಮೊದಲು ಎಂಜಿನ್ ಆಯಿಲ್ ತಂಪು ಮಾಡುವ ಕೂಲರನ್ನು ಅದೇ ಕವರಿನೊಳಗೆ ಇಟ್ಟಿದ್ದರು. ಅದರ ಮೂಲಕ ಹಾದ ಗಾಳಿ ಮೊದಲೇ ಬಿಸಿಯಾಗಿ ಮೂರನೇ ಸಿಲಿಂಡರಿಗೆ ಬೀಳುತ್ತಿತ್ತು. ಹಾಗಾಗಿ ಮೂರನೆಯದೇ ಹೆಚ್ಚು ಕಾಯುತ್ತಿತ್ತು. 1971ರ ಮಾಡೆಲ್ಲಿನಿಂದ ಆ ಕೂಲರಿಗೆ ಬೇರೆ ಗೂಡು ಮಾಡಿ, ಅದರ ಬಿಸಿ ಗಾಳಿ ಬೇರೆ ದಾರಿಯಲ್ಲಿ ಹೊರಗೆ ಹೋಗುವ ಹಾಗೆ ಮಾಡಿದರು. ಆ ಕಾರನ್ನು ಇಟ್ಟುಕೊಂಡು ಎಂಜಿನ್ ಶಕ್ತಿ ಹೆಚ್ಚಿಸುವ ಶೋಕಿಯವರು ಈಗಲೂ ತಲೆ ಕೆಡಿಸಿಕೊಳ್ಳೋದು ಇದಕ್ಕೇ: ಯಾವ ಕವರ್ ಹಾಕಲಿ, ಹಳೇದೋ, ಗೂಡಿನದೋ?

ನಮಗೆ ಇದರಲ್ಲಿ ಎರಡು ಪಾಠ. ಗಾಳಿ ಬರುವ ದಾರಿಯಲ್ಲಿ ಬಿಸಿ ವಸ್ತು ಇಡಬಾರದು. ಸೈಲೆನ್ಸರ್ ಪೈಪನ್ನು ಫ್ಯಾನಿನ ಬಾಯಿ ಹತ್ತಿರ ಬಗ್ಗಿಸಿಕೊಂಡವರನ್ನು ನಾನು ನೋಡಿದ್ದೇನೆ. ಇನ್ನೊಂದು, ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ಶಾಖವೂ ಹೆಚ್ಚುತ್ತದೆ. ಡೀಸೆಲ್ ಪಂಪ್ ತಿರುವಿ ಹೆಚ್ಚು ಎಣ್ಣೆ ಬಿಟ್ಟರೆ ಕರಿ ಹೊಗೆ ಬರುತ್ತದೆ, ಎಂಜಿನ್ ಎಳೆಯುತ್ತದೆ ಅಂತ ನಾವು ಹಿಗ್ಗುತ್ತೇವೆ. ಫ್ಯಾನು, ಕವರು ಮಾತ್ರ ಹಳೇ ಲೆಕ್ಕದವೇ ಇರುತ್ತವೆ.

ಊರಲ್ಲಿ ಮಾಡಿಸಿದ್ದು ಹೀಗೆ

ನನಗೆ ಅಸಲಿ ಸಿಗಲಿಲ್ಲ. ಹಾಗಾಗಿ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ಮೊದಲು ರಟ್ಟಿನ ಡಬ್ಬಿ ಕತ್ತರಿಸಿ ಎಂಜಿನ್ ಮೇಲೆ ಇಟ್ಟು ಅಳತೆ ಕೂಡಿಸಿದೆವು. ರಟ್ಟಿನಲ್ಲಿ ತಪ್ಪಿದರೆ ಖರ್ಚಿಲ್ಲ, ತಗಡಿನಲ್ಲಿ ತಪ್ಪಿದರೆ ದುಡ್ಡು. ರಟ್ಟು ಕೂಡಿದ ಮೇಲೆ 18 ಗೇಜ್ ತಗಡಿಗೆ ಬರೆದು ಕತ್ತರಿಸಿದೆವು. ಅದಕ್ಕಿಂತ ತೆಳ್ಳಗಿನದು ಅದುರಿ ಸೀಳುತ್ತದೆ. ಚಿಪ್ಪಿನ ಸುತ್ತು ಬಗ್ಗಿಸಲು ಹಳೇ ಪೈಪಿನ ತುಂಡಿನ ಮೇಲೆ ಸ್ವಲ್ಪ ಸ್ವಲ್ಪ ಬಡಿದೆವು. ಬೋಲ್ಟ್ ಕೂರುವಲ್ಲಿ ಒಳಗಿಂದ ದಪ್ಪ ಪಟ್ಟಿ ವೆಲ್ಡ್ ಮಾಡಿಸಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆವು. ಕೂಲಿ, ತಗಡು ಎಲ್ಲ ಸೇರಿ 1,400 ರೂಪಾಯಿ. ಹನ್ನೊಂದು ಸಾವಿರದ ಮುಂದೆ ಇದೇನು ದೊಡ್ಡದು?

ಫ್ಯಾನಿನ ಬಾಯಿಗೆ ಜಾಲರಿ ಕಡ್ಡಾಯ. ಪಂಚೆಯ ತುದಿ, ಸೀರೆಯ ಸೆರಗು, ಮಕ್ಕಳ ಕೈ ಒಳಗೆ ಹೋಗಬಾರದು. ಮೆಕ್ಕೆಜೋಳದ ರವದಿ, ಜೋಳದ ಸುಂಕು ಕೂಡ ಒಳಗೆ ಹೋಗಬಾರದು. ಆದರೆ ಜಾಲರಿಯ ತಂತಿಯೇ ಜಾಗ ತಿನ್ನುತ್ತದೆ. ಚಪ್ಪಟೆ ಬಿಗಿದರೆ ಒಂದು ಹಿಡಿ ರವದಿ ಬಂದು ಕೂತರೂ ಬಾಯಿ ಮುಚ್ಚಿಹೋಗುತ್ತದೆ. ನಾನು ಬುಟ್ಟಿ ಬೋರಲು ಹಾಕಿದ ಹಾಗೆ ಉಬ್ಬಿಸಿ ಮಾಡಿಸಿದೆ. ಜಾಗ ಹೆಚ್ಚು ಸಿಕ್ಕಿತು, ಒಂದು ಕಡೆ ಕಸ ಕೂತರೂ ಇನ್ನೊಂದು ಕಡೆಯಿಂದ ಗಾಳಿ ಬರುತ್ತದೆ.

ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಂದು ಸುಲಭ ಉಪಾಯ. ಉದ್ದ ಕೋಲಿನ ತುದಿಗೆ ಒಂದು ಗೇಣು ನೂಲು ಕಟ್ಟಿ. ಎಂಜಿನ್ ಚಾಲೂ ಮಾಡಿ ಕವರಿನ ಜೋಡಿನ ಗುಂಟ ಹಿಡಿದು ನೋಡಿ. ನೂಲು ಹಾರಿದರೆ ಅಲ್ಲಿ ಸೋರುತ್ತಿದೆ. ಹಿಂದಿನ ಸೀಳಿನಲ್ಲಿ ಹಿಡಿದರೆ ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಹಾರಬೇಕು. ಕೈಯನ್ನು ಬೆಲ್ಟಿಗೆ, ಫ್ಯಾನಿಗೆ ದೂರ ಇಟ್ಟುಕೊಳ್ಳಿ.

ಹುಡುಗ ಗ್ಯಾರೇಜಿನಿಂದ ಶಾಖ ಅಳೆಯುವ ಗನ್ನು ತಂದಿದ್ದ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನಿನ ಹಾಗೇ ಇರುತ್ತದೆ, ಆದರೆ ಹಣೆಯದು ಇದಕ್ಕೆ ಆಗೋದಿಲ್ಲ, ಜ್ವರಕ್ಕಿಂತ ಮೇಲೆ ಅದು ತೋರಿಸೋದಿಲ್ಲ. ಹಿಂದಿನ ತಗಡು ಇಲ್ಲದೆ ಅರ್ಧ ಗಂಟೆ ಓಡಿಸಿದಾಗ ಸಿಲಿಂಡರಿನ ಹಿಂಬದಿ ಮುಂದಿಗಿಂತ 60 ಡಿಗ್ರಿ ಹೆಚ್ಚು ಬಿಸಿ ಇತ್ತು. ತಗಡು ಹಾಕಿದ ಮೇಲೆ ಆ ಅಂತರ 25ಕ್ಕೆ ಇಳಿಯಿತು. ಎರಡು ತುಂಡು ತಗಡಿನ ಕರಾಮತ್ತು ಇದು.

ಕವರ್ ಒಂದೇ ಸಾಲದು

ಇಷ್ಟಾದ ಮೇಲೂ ಲೋಡಿನಲ್ಲಿ ಎಂಜಿನ್ ಸ್ವಲ್ಪ ಬಿಸಿ ಅನ್ನಿಸುತ್ತಿತ್ತು. ಕಾರಣ ಪುಲ್ಲಿ. ಡೀಸೆಲ್ ಉಳಿಯಲಿ ಅಂತ ನಾನು ಎಂಜಿನ್ನನ್ನು ನಿಧಾನ ತಿರುಗಿಸಿ, ದೊಡ್ಡ ಪುಲ್ಲಿ ಹಾಕಿ ಪಂಪನ್ನು ಜೋರು ತಿರುಗಿಸುತ್ತಿದ್ದೆ. ಟಂಟಂ ಎಂಜಿನ್ ನಿಮಿಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ಹೊಡೆಯುವಂತೆ ಮಾಡಿದ್ದು. ನಾನು ಓಡಿಸುತ್ತಿದ್ದದ್ದು 1,500 ಸುತ್ತಿನಲ್ಲಿ. ಫ್ಯಾನ್ ಕ್ರ್ಯಾಂಕಿಗೇ ಕೂತಿರುತ್ತದೆ. ಸುತ್ತು ಅರ್ಧ ಆದರೆ ಗಾಳಿಯೂ ಅರ್ಧ. ಲೋಡ್ ಮಾತ್ರ ಪೂರಾ. ಪುಲ್ಲಿ ಬದಲಿಸಿ ಎಂಜಿನ್ 2,400 ಸುತ್ತಿಗೆ ಬರುವ ಹಾಗೆ ಮಾಡಿದೆ. ಆಮೇಲೆ ಆರಾಮ.

ನಿರ್ವಹಣೆ ದೊಡ್ಡ ಕೆಲಸ ಏನಲ್ಲ. ನಮ್ಮ ಕಡೆಯ ಕೆಂಪು ಧೂಳು ಒಣ ಇದ್ದರೆ ಊದಿದರೆ ಹೋಗುತ್ತದೆ. ಆಯಿಲ್ ಒಸರಿ ಧೂಳಿಗೆ ಬೆರೆತರೆ ಫಿನ್ ಸಂದಿಯಲ್ಲಿ ಇಟ್ಟಿಗೆಯಾಗಿ ಕೂರುತ್ತದೆ. ಹಾಗಾಗಿ ಮೊದಲು ಆಯಿಲ್ ಸೋರಿಕೆ ನಿಲ್ಲಿಸಿ. ಹಂಗಾಮಿನಲ್ಲಿ ವಾರಕ್ಕೊಮ್ಮೆ, ರಾಶಿ ಕೆಲಸ ಇದ್ದರೆ ದಿನಾ, ಎಂಜಿನ್ ಪೂರಾ ತಣ್ಣಗಾದ ಮೇಲೆ ಕವರ್ ಬಿಚ್ಚಿ ಗಾಳಿ ಬರುವ ದಿಕ್ಕಿಗೆ ಎದುರಾಗಿ ಕಸ ತೆಗೆಯಿರಿ. ಬಿಚ್ಚಲು ಬೇಜಾರಾಗುವಂಥ ಕವರ್ ಮಾಡಿಸಬೇಡಿ. ನನ್ನದು ನಾಲ್ಕು ಬೋಲ್ಟ್, ಒಂದೇ ಪಾನೆ.

ಎಂಜಿನ್ ಕಾದಾಗ ಏನು ಮಾಡಬೇಕು ಅನ್ನೋದೂ ಗೊತ್ತಿರಲಿ. ಬಣ್ಣ ಸುಟ್ಟ ವಾಸನೆ, ಎಳೆತ ಕಡಿಮೆ ಆಗೋದು, ಕಟಕಟ ಸದ್ದು, ಇವು ಮುನ್ಸೂಚನೆ. ಮೊದಲು ಲೋಡ್ ತೆಗೆಯಿರಿ. ಎಂಜಿನ್ ಇನ್ನೂ ಸಲೀಸಾಗಿ ತಿರುಗುತ್ತಿದ್ದರೆ ಐದು ನಿಮಿಷ ಖಾಲಿ ಓಡಲಿ, ಫ್ಯಾನೇ ತಂಪು ಮಾಡುತ್ತದೆ, ಆಮೇಲೆ ನಿಲ್ಲಿಸಿ. ಹಿಡಿದುಕೊಳ್ಳುತ್ತಿದೆ ಅನ್ನಿಸಿದರೆ ಮಾತ್ರ ಕೂಡಲೇ ನಿಲ್ಲಿಸಿ. ಕಾದ ಎಂಜಿನ್ ಮೇಲೆ ನೀರು ಸುರಿಯಬೇಡಿ. ಕಾದ ಹಂಚಿಗೆ ತಣ್ಣೀರು ಸುರಿದರೆ ಏನಾಗುತ್ತದೋ ಹೆಡ್ಡಿಗೂ ಅದೇ ಆಗುತ್ತದೆ.

ಈ ಕವರ್ ಹಾಕಿದ ಮೇಲೆ ಎಂಜಿನ್ ಒಂದು ಸಲವೂ ಕಾದು ನಿಂತಿಲ್ಲ. ಮಳೆ ಕೈಕೊಟ್ಟಾಗ ನಮಗೆ ಸಿಗೋದು ಹೊಂಡದಲ್ಲಿ ನಿಂತ ಒಂದೆರಡು ಸಲದ ನೀರು. ಅದನ್ನು ಗಿಡಕ್ಕೆ ಮುಟ್ಟಿಸುವ ದಿನವೇ ಎಂಜಿನ್ ಕೈಕೊಟ್ಟರೆ ಹೊಂಡ ತುಂಬಿದ್ದೂ ದಂಡ. ನಿಮ್ಮ ಎಂಜಿನ್ ಹತ್ತಿರ ನಾಳೆ ಹೋದಾಗ ಒಮ್ಮೆ ಹಿಂಬದಿ ಬಗ್ಗಿ ನೋಡಿ, ಆ ಎರಡು ತಗಡು ಇವೆಯಾ ಅಂತ. ಇದಕ್ಕಿಂತ ಒಳ್ಳೆ ಕವರ್ ಮಾಡಿಕೊಂಡವರು ಇದ್ದರೆ ಅಳತೆ ಸಮೇತ ಈ ಪತ್ರಿಕೆಗೆ ಬರೆಯಿರಿ. ನನ್ನ ರಟ್ಟಿನ ಅಚ್ಚು ಮನೆಯಲ್ಲಿ ಗೋಡೆಗೆ ನೇತಾಡುತ್ತಿದೆ. ನಮ್ಮೂರಲ್ಲಿ ಈಗಾಗಲೇ ಮೂವರು ಅದನ್ನಿಟ್ಟು ಬರೆದುಕೊಂಡು ಹೋಗಿದ್ದಾರೆ.